ಸೇದದವಳ ಕೆಮ್ಮು: ಬೀಡಿ, ಒಲೆ ಮತ್ತು ಹೆಣ್ಣಿನ ಶ್ವಾಸಕೋಶ

ಮನೆಯಲ್ಲಿ ಒಲೆ ಉರಿಯುವುದು ಸಮೃದ್ಧಿಯ ಗುರುತೆಂದು ನಮ್ಮ ಹಿರಿಯರು ಭಾವಿಸಿದ್ದರು. ಸಂಜೆಯ ಹೊತ್ತು ಹಂಚಿನ ಸಂದಿನಿಂದ ಹೊಗೆ ಏಳುತ್ತಿದ್ದರೆ ಆ ಮನೆಯಲ್ಲಿ ಅಡಿಗೆಯಾಗುತ್ತಿದೆ, ಬಂದವರಿಗೆ ಒಂದು ತುತ್ತು ಇದೆ ಎಂದು ದಾರಿಹೋಕರಿಗೂ ತಿಳಿಯುತ್ತಿತ್ತು. ಜಗುಲಿಯ ಮೇಲೆ ಕುಳಿತು ಮನೆಯ ಯಜಮಾನರು ಬೀಡಿ ಹಚ್ಚುವುದನ್ನೂ ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ಒಳಗೊಂದು ಹೊಗೆ, ಹೊರಗೊಂದು ಹೊಗೆ. ಈ ಎರಡರ ನಡುವೆ ಬಾಳು ಸವೆಸುವ ಗೃಹಿಣಿಯ ಶ್ವಾಸಕೋಶದ ಗತಿ ಏನು ಎಂದು ಕೇಳಿದವರು ವಿರಳ. ಆಕೆ ಬೀಡಿ ಸೇದಿದವಳಲ್ಲ; ಆದುದರಿಂದ ಆಕೆಗೆ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಓದುಗ ಬಂಧುಗಳ ಮುಂದೆ ಇಡುವುದು ನಮ್ಮ ಉದ್ದೇಶ.

ಸೂಪಾ ಸೀಮೆಯ ಹೊಗೆ

ಈ ವಿಚಾರವನ್ನು ಬರೆಯಲು ಕುಳಿತಾಗ ನಮಗೆ ಮೊದಲು ನೆನಪಾಗುವುದು ಸೂಪಾ ಸೀಮೆ. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣವು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಊರು ನೀರಿನಡಿ ಸೇರಿದರೂ ಹೆಸರು ಉಳಿದಿದೆ. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಈ ನಾಲ್ಕೂ ತಾಲೂಕುಗಳು ಕಾಡಿನ ಮಗ್ಗುಲಲ್ಲಿ ಬಾಳುವಂಥವು. ಹಳಿಯಾಳ, ಮುಂಡಗೋಡಗಳ ಬಯಲಿನ ಕಡೆಗೆ ಲಿಂಗಾಯತ ಮತ್ತು ಮರಾಠ ಒಕ್ಕಲುಗಳು, ಕಾಡಿನ ಒಳಗೆ ಕುಣಬಿ, ಗೌಳಿ, ಸಿದ್ದಿ ಕುಟುಂಬಗಳು, ಮುಂಡಗೋಡದ ಬಳಿ 1966ರಿಂದ ನೆಲೆಸಿರುವ ಟಿಬೆಟನ್ ಬಂಧುಗಳು. ಜಾತಿ, ಭಾಷೆ, ಊಟ ಬೇರೆ ಬೇರೆಯಾದರೂ ಕಟ್ಟಿಗೆಯ ಒಲೆ ಎಂಬುದು ಈ ಸೀಮೆಯ ಎಲ್ಲರಿಗೂ ಪರಿಚಿತ.

ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕಟ್ಟಿಗೆ ಸರಿಯಾಗಿ ಒಣಗುವುದಿಲ್ಲ. ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಗಾಳಿ ಮಳೆಗೆ ಕಿಟಕಿಗಳು ಮುಚ್ಚಿರುತ್ತವೆ. ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಮುಖವಿಟ್ಟು ಊದುವವಳು ಮನೆಯ ಹೆಣ್ಣುಮಗಳು. ಅಡಿಗೆಗೆ ಗ್ಯಾಸ್ ಬಂದ ಮನೆಗಳಲ್ಲಿಯೂ ಸ್ನಾನದ ಹಂಡೆ ಕಟ್ಟಿಗೆಯಿಂದಲೇ ಕಾಯುವುದುಂಟು. ಇದರ ಮೇಲೆ ಗಂಡಸರ ಬೀಡಿ, ಸಿಗರೇಟಿನ ಹೊಗೆ. ಮಳೆಗಾಲದಲ್ಲಿ ಜಗುಲಿಯ ಬೀಡಿಯೂ ಒಳಕ್ಕೆ ಬಂದುಬಿಡುತ್ತದೆ.

ಹೆಣ್ಣಿನ ಶ್ವಾಸಕೋಶ ಬೇರೆಯೇ?

ಒಂದೇ ಎತ್ತರದ ಸ್ತ್ರೀ ಪುರುಷರಿಬ್ಬರನ್ನು ತೆಗೆದುಕೊಂಡರೆ ಸ್ತ್ರೀಯ ಶ್ವಾಸಕೋಶಗಳು ಗಾತ್ರದಲ್ಲಿ ಚಿಕ್ಕವು, ಗಾಳಿ ಸಂಚರಿಸುವ ನಾಳಗಳು ಕಿರಿದು. ಇದು ಕೊರತೆಯಲ್ಲ, ಸೃಷ್ಟಿಯ ರಚನೆ. ಆದರೆ ಒಂದೇ ಅಳತೆಯ ಹೊಗೆ ಇಬ್ಬರೊಳಗೂ ಹೋದಾಗ ಅದು ಕಿರಿದಾದ ನಾಳಗಳಲ್ಲಿ ಹೆಚ್ಚು ಸಾಂದ್ರವಾಗಿ ಅಂಟಿಕೊಳ್ಳುತ್ತದೆ. ಅಗಲವಾದ ನಾಳದಲ್ಲಿ ಸ್ವಲ್ಪ ಊತವಾದರೆ ಗಾಳಿಗೆ ಇನ್ನೂ ದಾರಿ ಇರುತ್ತದೆ. ಕಿರಿದಾದ ನಾಳದಲ್ಲಿ ಅಷ್ಟೇ ಊತವಾದರೆ ದಾರಿ ಅರ್ಧ ಮುಚ್ಚಿದಂತೆ. ಇದರೊಡನೆ ಸ್ತ್ರೀಯರ ದೇಹದಲ್ಲಿರುವ ಈಸ್ಟ್ರೋಜನ್ ಎಂಬ ರಸದೂತವು ಹೊಗೆಯ ರಾಸಾಯನಿಕಗಳನ್ನು ಒಡೆಯುವ ಕಿಣ್ವಗಳ ಮೇಲೆ ಪ್ರಭಾವ ಬೀರುತ್ತದೆ. ಹೀಗೆ ಒಡೆಯುವಾಗ ಹುಟ್ಟುವ ಕೆಲವು ಪದಾರ್ಥಗಳು ಮೂಲ ವಸ್ತುವಿಗಿಂತಲೂ ವಿಷಕಾರಿ ಎಂದು ಸಂಶೋಧಕರು ಹೇಳುತ್ತಾರೆ.

ಹಾನಿಯ ಸ್ವರೂಪದಲ್ಲಿಯೂ ವ್ಯತ್ಯಾಸವಿದೆ. ದೀರ್ಘಕಾಲ ಧೂಮಪಾನ ಮಾಡಿದ ಪುರುಷರಲ್ಲಿ ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳು ಹರಿದು ಹಿಗ್ಗುವ ಎಂಫಿಸೀಮಾ ಎಂಬ ವಿಕಾರ ಹೆಚ್ಚಾಗಿ ಕಂಡುಬರುತ್ತದೆ. ಸ್ತ್ರೀಯರಲ್ಲಿ ನಾಳಗಳ ಗೋಡೆ ದಪ್ಪಗಾಗಿ ಒಳದಾರಿ ಇಕ್ಕಟ್ಟಾಗುವುದು ಹೆಚ್ಚು. ಎರಡೂ ಒಂದೇ ಕಾಯಿಲೆಯ ಎರಡು ಮುಖಗಳು. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎಂದು ಕರೆಯುತ್ತಾರೆ, ನಮ್ಮ ಜನ ದಮ್ಮು ಎನ್ನುತ್ತಾರೆ. 2016ರ ಲೆಕ್ಕಾಚಾರದಂತೆ ಭಾರತದಲ್ಲಿ ಸಾವಿನ ಕಾರಣಗಳ ಪೈಕಿ ಹೃದ್ರೋಗದ ನಂತರದ ಸ್ಥಾನ ಈ ಕಾಯಿಲೆಗಿದೆ.

ಎಳೆಯ ವಯಸ್ಸಿನಲ್ಲಿಯೇ ಈ ಭೇದ ತೋರುತ್ತದೆ. ಅಮೆರಿಕದ ಆರು ನಗರಗಳಲ್ಲಿ ಸುಮಾರು 10 ಸಾವಿರ ಬಾಲಕ ಬಾಲಕಿಯರನ್ನು ವರ್ಷವರ್ಷವೂ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನವು ಶ್ವಾಸಕೋಶದ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆಂದೂ ಬಾಲಕಿಯರಲ್ಲಿ ಈ ಪರಿಣಾಮ ಹೆಚ್ಚೆಂದೂ ಕಂಡುಬಂದಿತು. ಹುಡುಗಿಯರ ಶ್ವಾಸಕೋಶದ ಬೆಳವಣಿಗೆ ಹುಡುಗರಿಗಿಂತ ಬೇಗನೆ ಮುಗಿಯುವುದರಿಂದ ಎಳವೆಯಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಅವರಿಗೆ ಸಿಗುವ ಅವಧಿಯೂ ಕಡಿಮೆ.

ಲೆಕ್ಕ ಹೇಳುವ ಸತ್ಯ

ನಮ್ಮ ದೇಶದ ಅಂಕಿಅಂಶಗಳನ್ನೇ ನೋಡೋಣ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕ ಪುರುಷರಲ್ಲಿ ಶೇಕಡಾ 19ರಷ್ಟು ಮಂದಿ ಧೂಮಪಾನಿಗಳು. ಸ್ತ್ರೀಯರಲ್ಲಿ ಶೇಕಡಾ 2 ಮಾತ್ರ. ಎಲೆ ಅಡಿಕೆಯೊಡನೆ ತಂಬಾಕು ಅಗಿಯುವ ತಾಯಂದಿರು ಇದಕ್ಕಿಂತ ಎಷ್ಟೋ ಹೆಚ್ಚು. ಅದರ ಹಾವಳಿ ಮುಖ್ಯವಾಗಿ ಬಾಯಿಯ ಮೇಲಾದುದರಿಂದ ಅದು ಬೇರೊಂದು ಲೇಖನದ ವಿಷಯ. ಸೇದುವ ಸ್ತ್ರೀಯರು ಕೈಬೆರಳೆಣಿಕೆಯಷ್ಟೇ ಎಂದು ನೆಮ್ಮದಿ ಪಡಬಹುದಾಗಿತ್ತು. ಆದರೆ ಆ ಕೆಲವರಿಗೆ ಆಗುವ ಹಾನಿ ಗಂಡಸರಿಗಿಂತ ಕಡಿಮೆಯಲ್ಲ, ಹೆಚ್ಚು.

ಡಾ. ಪ್ರಭಾತ್ ಝಾ ಮತ್ತು ಸಂಗಡಿಗರು ದೇಶದ 11 ಲಕ್ಷ ಮನೆಗಳಲ್ಲಿ ಸಂಭವಿಸಿದ ಸಾವುಗಳನ್ನು ಅಭ್ಯಸಿಸಿ 2008ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಬೀಡಿ ಸೇದುವ ಪುರುಷರು ಸೇದದವರಿಗಿಂತ ಸರಾಸರಿ 6 ವರ್ಷ ಮುಂಚಿತವಾಗಿ ತೀರಿಕೊಂಡರೆ, ಬೀಡಿ ಸೇದುವ ಸ್ತ್ರೀಯರು ಕಳೆದುಕೊಂಡದ್ದು 8 ವರ್ಷ. ಸಿಗರೇಟು ಸೇದುವ ಪುರುಷರು ಕಳೆದುಕೊಂಡದ್ದು 10 ವರ್ಷ. ಒಂದು ಬೀಡಿಯಲ್ಲಿರುವ ತಂಬಾಕು ಸಿಗರೇಟಿನ ಸುಮಾರು ಕಾಲುಭಾಗ ಮಾತ್ರ. ಎಲೆಯಲ್ಲಿ ಸುತ್ತಿದ ಬೀಡಿ ನಿರಪಾಯಕಾರಿ ಎನ್ನುವವರು ಈ ಅಂಕಿಗಳನ್ನು ಗಮನಿಸಬೇಕು. ಧೂಮಪಾನಿಗಳ ಈ ಅಕಾಲ ಮರಣಗಳಲ್ಲಿ ಕ್ಷಯರೋಗದ ಪಾಲು ದೊಡ್ಡದಾಗಿತ್ತೆಂಬುದೂ ನಮ್ಮ ಹಳ್ಳಿಗಳಿಗೆ ಎಚ್ಚರಿಕೆಯ ಮಾತು.

ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಸ್ತ್ರೀಯರಿಗೆ ಅಪಾಯ ಹೆಚ್ಚೋ ಸಮವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಸ್ತ್ರೀಯರು ಇದರಿಂದ ಪಾರಾಗುತ್ತಾರೆಂಬ ಹಳೆಯ ನಂಬಿಕೆ ಮಾತ್ರ ಸುಳ್ಳಾಗಿದೆ. ಅಮೆರಿಕದಲ್ಲಿ 1960ರ ಸುಮಾರಿಗೆ ಧೂಮಪಾನ ಮಾಡುವ ಸ್ತ್ರೀಯರಿಗೆ ಈ ಕ್ಯಾನ್ಸರಿನಿಂದ ಸಾಯುವ ಅಪಾಯವು ಸೇದದ ಸ್ತ್ರೀಯರಿಗಿಂತ ಮೂರು ಪಟ್ಟಿಗೂ ಕಡಿಮೆಯಿತ್ತು. ಗಂಡಸರಂತೆ ಎಳೆಯ ವಯಸ್ಸಿನಿಂದಲೇ ಸೇದುವ ರೂಢಿ ಅವರಲ್ಲಿ ಬೆಳೆದ ಮೇಲೆ, 2000ದಿಂದ 2010ರ ಅವಧಿಯಲ್ಲಿ, ಆ ಅಪಾಯ 25 ಪಟ್ಟಿಗೆ ಏರಿ ಗಂಡಸರ ಅಪಾಯಕ್ಕೆ ಸಮವಾಯಿತು. ಅಲ್ಲಿ 1987ರಿಂದ ಸ್ತನ ಕ್ಯಾನ್ಸರಿಗಿಂತ ಶ್ವಾಸಕೋಶದ ಕ್ಯಾನ್ಸರೇ ಹೆಚ್ಚು ಸ್ತ್ರೀಯರನ್ನು ಬಲಿ ತೆಗೆದುಕೊಳ್ಳುತ್ತಿದೆ. ನಗರಗಳಲ್ಲಿ ಓದುವ, ದುಡಿಯುವ ನಮ್ಮ ಹೆಣ್ಣುಮಕ್ಕಳಲ್ಲಿ ಸಿಗರೇಟನ್ನು ಸ್ವಾತಂತ್ರ್ಯದ ಗುರುತೆಂದು ತಿಳಿಯುವವರಿದ್ದರೆ, ಅವರಿಗೆ ಗದರಿಕೆಗಿಂತ ಈ ಇತಿಹಾಸವನ್ನು ತಿಳಿಸಿಕೊಡುವುದು ಮೇಲು. ಗಂಡುಮಕ್ಕಳಿಗೂ ಅದನ್ನೇ ಹೇಳಬೇಕು. ಮಗನ ಸಿಗರೇಟಿಗೆ ಕಣ್ಣುಮುಚ್ಚಿ ಮಗಳಿಗೆ ಮಾತ್ರ ಬುದ್ಧಿ ಹೇಳುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ.

ಗಂಡನ ಬೀಡಿ, ಹೆಂಡತಿಯ ಉಸಿರು

ಇನ್ನು ಸೇದದವರ ಮಾತು. 1981ರಲ್ಲಿ ಜಪಾನಿನ ತಾಕೇಶಿ ಹಿರಾಯಾಮ ಎಂಬ ವಿಜ್ಞಾನಿಯು ಒಂದು ಅಧ್ಯಯನವನ್ನು ಪ್ರಕಟಿಸಿದನು. ತಾವು ಎಂದೂ ಸೇದದ 91,540 ಗೃಹಿಣಿಯರನ್ನು 14 ವರ್ಷಗಳ ಕಾಲ ಗಮನಿಸಲಾಗಿತ್ತು. ಗಂಡಂದಿರು ಹೆಚ್ಚು ಸೇದುವವರಾಗಿದ್ದ ಗೃಹಿಣಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಗಂಡನ ಸಿಗರೇಟುಗಳ ಸಂಖ್ಯೆ ಏರಿದಂತೆ ಹೆಂಡತಿಯ ಅಪಾಯವೂ ಏರಿತ್ತು. ತಂಬಾಕು ಕಂಪನಿಗಳು ಈ ನಿರ್ಣಯವನ್ನು ಅಲ್ಲಗಳೆಯಲು ಬಹಳ ಯತ್ನಿಸಿದವು. ನಂತರದ ಅಧ್ಯಯನಗಳು ಅದನ್ನೇ ಸಮರ್ಥಿಸಿದವು. ಪರರ ಹೊಗೆಯಿಂದ ಜಗತ್ತಿನಲ್ಲಿ ಪ್ರತಿವರ್ಷ 10 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

2008ರ ಅಕ್ಟೋಬರ್ 2ರಿಂದ ನಮ್ಮ ದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಗಿದೆ. ಕರ್ನಾಟಕವು 2024ರಲ್ಲಿ ಅಂಗೀಕರಿಸಿದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, ದಂಡ 1000 ರೂಪಾಯಿಗೆ ಏರಿದೆ. 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಬಸ್ ನಿಲ್ದಾಣದಲ್ಲಿ ಅಪರಿಚಿತರಿಗೆ ದೊರೆಯುವ ಈ ರಕ್ಷಣೆ ಮನೆಯ ಒಳಗೆ ಹೆಂಡತಿ ಮಕ್ಕಳಿಗೆ ದೊರೆಯುವುದಿಲ್ಲ. ಕಾನೂನು ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಒಳಗೆ ಮನೆಯ ಯಜಮಾನರ ವಿವೇಕವೇ ಕಾನೂನು.

ಒಲೆಯ ಪಾಲು

ಬೀಡಿಯನ್ನು ಬಿಟ್ಟರೂ ಒಲೆ ಉಳಿಯುತ್ತದೆ. ಅಡಿಗೆಮನೆಯ ಹೊಗೆಯನ್ನು ಜಗತ್ತಿನಲ್ಲಿ ಮೊದಲಾಗಿ ಅಳೆದವರಲ್ಲಿ ಒಬ್ಬರಾದ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಯು 1980ರ ದಶಕದ ಆರಂಭದಲ್ಲಿ ಭಾರತದ ಹಳ್ಳಿಗಳಲ್ಲಿಯೇ ಆ ಕೆಲಸ ಮಾಡಿದರು. ತೆರೆದ ಒಲೆಯನ್ನು ಮನೆಯೊಳಗೆ ಉರಿಸುವುದು ಗಂಟೆಗೆ 400 ಸಿಗರೇಟುಗಳನ್ನು ಅಲ್ಲಿ ಸುಟ್ಟಂತೆ ಎಂದು ಅವರು ಹೇಳುತ್ತಿದ್ದರು. ಅಷ್ಟೂ ಒಬ್ಬಳ ಎದೆಗೆ ಇಳಿಯುತ್ತದೆಂದಲ್ಲ. ಆದರೆ ಒಲೆಗೆ ಹತ್ತಿರ ಇರುವವಳು ಅವಳೇ, ಆಕೆಯ ಸೆರಗು ಹಿಡಿದ ಕೂಸೇ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ನಾಡಿನಲ್ಲಿಯೇ ಈ ಬಗ್ಗೆ ಉಪಯುಕ್ತ ಕೆಲಸ ನಡೆದಿದೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಎಂದೂ ಸೇದದ ಸ್ತ್ರೀಯರನ್ನು ಅಭ್ಯಸಿಸಿ 2013ರಲ್ಲಿ ಒಂದು ಮಿತಿಯನ್ನು ಗುರುತಿಸಿದರು. ಆ ಲೆಕ್ಕ ಯಾರಿಗಾದರೂ ತಿಳಿಯುವಂಥದು. ದಿನಕ್ಕೆ ಎಷ್ಟು ತಾಸು ಕಟ್ಟಿಗೆ, ಬೆರಣಿಯ ಒಲೆಯ ಮುಂದೆ ಕಳೆಯುತ್ತೀರಿ ಎಂಬುದನ್ನು ಎಷ್ಟು ವರ್ಷಗಳಿಂದ ಎಂಬುದರಿಂದ ಗುಣಿಸಬೇಕು. ಈ ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಕಫ ಕೆಮ್ಮಿನ ಕಾಯಿಲೆಯ ಸಂಭವ ಸ್ಪಷ್ಟವಾಗಿ ಹೆಚ್ಚುತ್ತದೆ.

ಓದುಗ ತಾಯಂದಿರು ಒಂದು ನಿಮಿಷ ಈ ಲೆಕ್ಕವನ್ನು ಮಾಡಿ ನೋಡಬೇಕು. 18 ವರ್ಷಕ್ಕೆ ಮದುವೆಯಾಗಿ ಬಂದ ಸೊಸೆ ದಿನಕ್ಕೆ 4 ತಾಸು ಒಲೆಯ ಮುಂದೆ ಕುಳಿತರೆ 15 ವರ್ಷಕ್ಕೆ 60 ತುಂಬುತ್ತದೆ. ಆಗ ಆಕೆಯ ವಯಸ್ಸು 33. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ದೊಡ್ಡ ಕುಟುಂಬದ ಅಡಿಗೆ, ಜಾತ್ರೆ ಹುಣ್ಣಿಮೆಗಳ ದಾಸೋಹ, ಹಂಡೆಯ ನೀರು ಎಲ್ಲವನ್ನೂ ಸೇರಿಸಿದರೆ ಇನ್ನೂ ಮುಂಚೆಯೇ. ಇದರ ಮೇಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನರು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಮೊದಲೇ ರಕ್ತ ಕಡಿಮೆ ಇರುವವಳಿಗೆ ಇದು ಗಾಯದ ಮೇಲೆ ಬರೆ ಎಳೆದಂತೆ. ಗರ್ಭಿಣಿಯಾದರೆ ಕೂಸಿನ ತೂಕವೂ ಕುಗ್ಗುತ್ತದೆ.

ಗುರುತಿಸದ ಕಾಯಿಲೆ

ಗಂಡಸು ಕೆಮ್ಮಿದರೆ "ಬೀಡಿ ಬಿಡು" ಎನ್ನುತ್ತೇವೆ. ಹೆಂಗಸು ಕೆಮ್ಮಿದರೆ ವಯಸ್ಸು, ನೆಗಡಿ, ಉಷ್ಣ, ಚಿಂತೆ ಎನ್ನುತ್ತೇವೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಮೈ ಬಂದಿದೆ ಎನ್ನುತ್ತೇವೆ. ವೈದ್ಯರೂ ಇದಕ್ಕೆ ಹೊರತಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ 192 ವೈದ್ಯರಿಗೆ ಒಂದೇ ರೋಗಲಕ್ಷಣಗಳ ವಿವರವನ್ನು ಕೊಟ್ಟು, ಕೆಲವರಿಗೆ ರೋಗಿ ಪುರುಷನೆಂದೂ ಉಳಿದವರಿಗೆ ಸ್ತ್ರೀ ಎಂದೂ ತಿಳಿಸಲಾಯಿತು. 2001ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಪುರುಷನೆಂದು ತಿಳಿದಾಗ ಸಿ.ಓ.ಪಿ.ಡಿ. ಎಂದು ಗುರುತಿಸಿದವರು ಹೆಚ್ಚು, ಸ್ತ್ರೀ ಎಂದಾಗ ಕಡಿಮೆ. ಉಸಿರಿನ ಅಳತೆಯ ಫಲಿತಾಂಶವನ್ನು ಮುಂದಿಟ್ಟ ಮೇಲೆ ಈ ಅಂತರ ಬಹುಮಟ್ಟಿಗೆ ಕುಗ್ಗಿತು. ಊಹೆ ತಪ್ಪಿದ ಕಡೆ ಅಳತೆ ದಾರಿ ತೋರಿತು.

ಆ ಅಳತೆಯ ಹೆಸರು ಸ್ಪೈರೋಮೆಟ್ರಿ. ಸೂಜಿಯಿಲ್ಲ, ರಕ್ತವಿಲ್ಲ. ಆಳವಾಗಿ ಉಸಿರೆಳೆದುಕೊಂಡು ಒಂದು ಕೊಳವೆಯೊಳಗೆ ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂಬುದನ್ನು ಯಂತ್ರ ದಾಖಲಿಸುತ್ತದೆ. ಸೂಪಾ ಸೀಮೆಯವರಿಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಾರವಾರಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬೇರೆ ಕೆಲಸಕ್ಕಾಗಿ ಆ ಊರುಗಳಿಗೆ ಹೋಗುವವರು ಮನೆಯ ಹಿರಿಯ ತಾಯಿಯನ್ನು ಒಮ್ಮೆ ಕರೆದೊಯ್ಯುವುದು ಅಸಾಧ್ಯವೇನಲ್ಲ. ದಶಕಗಳ ಕಾಲ ಊದುಗೊಳವೆ ಊದಿದವಳಿಗೆ ಈ ಒಂದು ಕೊಳವೆಯನ್ನೂ ಊದಿಸಿ ನೋಡುವುದು ನಮ್ಮ ಕರ್ತವ್ಯ.

ಆಶೆಯ ಮಾತು

ಇಷ್ಟೆಲ್ಲ ಹೇಳಿದ್ದು ಹೆದರಿಸುವುದಕ್ಕಲ್ಲ. ಹೆಣ್ಣಿನ ಶ್ವಾಸಕೋಶ ಬೇಗ ನೋಯುವಂತೆ, ಹೊಗೆ ನಿಂತಾಗ ಬೇಗ ಚೇತರಿಸಿಕೊಳ್ಳುತ್ತದೆ. ಸಿ.ಓ.ಪಿ.ಡಿ.ಯ ಆರಂಭದ ಹಂತದಲ್ಲಿದ್ದ ಮಧ್ಯವಯಸ್ಸಿನ ಧೂಮಪಾನಿಗಳನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ ಗಮನಿಸಿ 2003ರಲ್ಲಿ ಪ್ರಕಟಿಸಿದ ವರದಿಯಂತೆ, ಸಿಗರೇಟು ಬಿಟ್ಟ ಮೊದಲ ವರ್ಷದಲ್ಲಿ ಸ್ತ್ರೀಯರ ಉಸಿರಾಟದ ಶಕ್ತಿಯಲ್ಲಿ ಆದ ಸುಧಾರಣೆ ಪುರುಷರಲ್ಲಿ ಆದುದರ ಸುಮಾರು ಎರಡೂವರೆ ಪಟ್ಟು. ಬ್ರಿಟನ್ನಿನಲ್ಲಿ 13 ಲಕ್ಷ ಸ್ತ್ರೀಯರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಪುಷ್ಟೀಕರಿಸುತ್ತದೆ. ಜೀವನವಿಡೀ ಸೇದಿದವರು 10 ವರ್ಷಕ್ಕಿಂತ ಹೆಚ್ಚು ಆಯುಷ್ಯ ಕಳೆದುಕೊಂಡರೆ, 40ರ ಮುನ್ನ ಬಿಟ್ಟವರು ಆ ಹೆಚ್ಚುವರಿ ಅಪಾಯದ ಶೇಕಡಾ 90ಕ್ಕೂ ಹೆಚ್ಚಿನ ಭಾಗದಿಂದ ಪಾರಾದರು. ಆದುದರಿಂದ "ಇಷ್ಟು ವರ್ಷ ಆಗಿಹೋಯಿತು, ಇನ್ನೇನು" ಎಂಬ ಮಾತಿಗೆ ಆಧಾರವಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲನೆಯದಾಗಿ, ಬೀಡಿ ಸಿಗರೇಟು ಬಿಡುವುದು. ಒಂದೇ ದಿನಕ್ಕೆ ಸಾಧ್ಯವಾಗದವರು ಅದನ್ನು ಮನೆಯ ಸೂರಿನ ಹೊರಗಾದರೂ ಇಡಬೇಕು. ಮಳೆಯ ನೆಪದಲ್ಲಿ ಒಳಗೆ ತರಬಾರದು. ಬಿಡಲು ನೆರವು ಬೇಕಾದವರು 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಸಲಹೆ ಪಡೆಯಬಹುದು.

ಎರಡನೆಯದಾಗಿ, ಒಲೆ. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಕುಟುಂಬಗಳಿಗೆ ಗ್ಯಾಸ್ ಸಂಪರ್ಕ ದೊರೆಯಿತು. ಆದರೂ 2019–21ರ ಸಮೀಕ್ಷೆಯ ವೇಳೆಗೆ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಸ್ವಚ್ಛ ಇಂಧನದಿಂದ ಅಡಿಗೆ ಮಾಡುತ್ತಿದ್ದವು ಶೇಕಡಾ 43 ಮಾತ್ರ. ಸಂಪರ್ಕವಿದ್ದರೂ ಸಿಲಿಂಡರ್ ಮೂಲೆಯಲ್ಲಿ ಕುಳಿತು, ಕಾಡಿನ ಕಟ್ಟಿಗೆ ಪುಕ್ಕಟೆ ಎಂದು ಒಲೆಯೇ ಉರಿಯುವ ಮನೆಗಳುಂಟು. ಆ ಕಟ್ಟಿಗೆ ಪುಕ್ಕಟೆಯಲ್ಲ. ಹೊತ್ತು ತರುವವಳ ಬೆನ್ನೂ ಊದುವವಳ ಎದೆಯೂ ಅದರ ಬೆಲೆ ತೆರುತ್ತವೆ. ದನಗಳಿರುವ ಮನೆಯವರು ಗೋಬರ್ ಗ್ಯಾಸನ್ನು ಯೋಚಿಸಬೇಕು. ನೆರೆಯ ಶಿರಸಿ ತಾಲೂಕು ಇದರಲ್ಲಿ ಬಹಳ ಹಿಂದೆಯೇ ಹೆಸರು ಪಡೆದಿದೆ.

ಮೂರನೆಯದಾಗಿ, ಕಟ್ಟಿಗೆ ಅನಿವಾರ್ಯವಾದಲ್ಲಿ ಹೊಗೆಕೊಳವೆಯುಳ್ಳ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರವು ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ರೂಪಿಸಿ ನಾಡಿನ ಹಳ್ಳಿಗಳಿಗೆ ಕೊಟ್ಟಿತು. ಕೊಳವೆಯನ್ನು ಆಗಾಗ ಶುಚಿಗೊಳಿಸದಿದ್ದರೆ ಹೊಗೆ ಮತ್ತೆ ಒಳಗೇ ತಿರುಗುತ್ತದೆಂಬುದನ್ನು ಮರೆಯಬಾರದು. ಇಂಥ ಒಲೆ ಗ್ಯಾಸಿನಷ್ಟು ನಿರ್ಮಲವಲ್ಲ, ಆದರೆ ತೆರೆದ ಒಲೆಗಿಂತ ಲೇಸು. ಮಳೆಗಾಲದ ಕಟ್ಟಿಗೆಯನ್ನು ಬೇಸಿಗೆಯಲ್ಲಿಯೇ ಒಣಗಿಸಿ ಸೂರಿನಡಿ ಒಟ್ಟುವುದು, ಕೂಸುಗಳನ್ನು ಒಲೆಯಿಂದ ದೂರ ಇಡುವುದು ಇವೂ ಉಪಕಾರಿ.

ನಾಲ್ಕನೆಯದಾಗಿ, ಕೆಮ್ಮು ಎರಡು ವಾರ ಮೀರಿದರೆ ಕಫದ ಪರೀಕ್ಷೆ ಮಾಡಿಸಿ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕ್ಷಯವಿಲ್ಲದಿದ್ದರೂ ಕೆಮ್ಮು, ಏದುಸಿರು ಮುಂದುವರಿದರೆ ಉಸಿರಿನ ಅಳತೆ ಮಾಡಿಸಬೇಕು. ವೈದ್ಯರಿಗೆ "ನಾನು ಸೇದುವುದಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗದೆ, ಎಷ್ಟು ವರ್ಷ ಒಲೆಯ ಮುಂದೆ ಕುಳಿತಿದ್ದೀರಿ, ಮನೆಯಲ್ಲಿ ಯಾರು ಸೇದುತ್ತಾರೆ ಎಂಬುದನ್ನೂ ತಿಳಿಸಬೇಕು.

ದಾಸೋಹವನ್ನು ಧರ್ಮವೆಂದು ಬಗೆದ ಸಮಾಜ ನಮ್ಮದು. ಹಸಿದು ಬಂದವರಿಗೆ ಉಣಬಡಿಸುವ ಪುಣ್ಯದಲ್ಲಿ ಮನೆಯ ಎಲ್ಲರಿಗೂ ಪಾಲಿದೆ, ಆದರೆ ಆ ಅಡಿಗೆಯ ಹೊಗೆ ಮಾತ್ರ ಒಬ್ಬಳ ಪಾಲಿಗೆ ಉಳಿದಿದೆ. ಈ ತಿಂಗಳ ಸಂಚಿಕೆಯನ್ನು ಓದಿ ಮುಗಿಸಿದ ಮನೆಯ ಹಿರಿಯರು ತಾಸು ಮತ್ತು ವರ್ಷಗಳ ಆ ಗುಣಾಕಾರವನ್ನು ತಮ್ಮ ಮನೆಯಾಕೆಯ ಹೆಸರಿನಲ್ಲಿ ಒಮ್ಮೆ ಮಾಡಿ ನೋಡಲಿ. ಲಬ್ಧ 60 ದಾಟಿದ್ದರೆ ಮುಂದಿನ ಮಳೆಗಾಲಕ್ಕೆ ಕಾಯದೆ ಆಕೆಯನ್ನು ಪರೀಕ್ಷೆಗೆ ಕರೆದೊಯ್ಯಲಿ ಎಂಬುದು ನಮ್ಮ ವಿನಂತಿ.